ಹಳೆಯ ಕಾರಿನ ಅಲ್ಯೂಮಿನಿಯಂ ಎಂಜಿನ್ ಭಾಗಗಳನ್ನು ಶುಚಿಗೊಳಿಸಿ ಸರಿಪಡಿಸುವ ಕ್ರಮ

ಪ್ರೀಮಿಯರ್ ಪದ್ಮಿನಿಯಂಥ ಹಳೆಯ ಕಾರಿನ ಎಂಜಿನ್ ಬಿಚ್ಚಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ‘ಹೆಡ್ (ಸಿಲಿಂಡರುಗಳ ಮೇಲೆ ಕೂರುವ ಮುಚ್ಚಳ) ಕಪ್ಪಾಗಿದೆ, ಅಲ್ಲಲ್ಲಿ ಬಿಳಿ ಪುಡಿ ಕಟ್ಟಿದೆ, ಯಾವುದರಲ್ಲಿ ಅದ್ದಿದರೆ ಹೊಸದರಂತೆ ಆಗುತ್ತದೆ?’ ಅಲ್ಯೂಮಿನಿಯಂ ಭಾಗಗಳು ಹಾಳಾಗುವುದು ಬಹುಮಟ್ಟಿಗೆ ಈ ಅದ್ದುವ ಆತುರದಿಂದಲೇ. ಹಳೆಯ ಎಂಜಿನ್ನಿನ ಮೇಲೆ ಕಾಣುವ ಕೊಳೆಯಲ್ಲಿ ಹೆಚ್ಚಿನ ಪಾಲು ಎಣ್ಣೆ ಮತ್ತು ಧೂಳು ಸೇರಿ ಗಟ್ಟಿಯಾದ ಜಿಡ್ಡು; ಅದನ್ನು ತೆಗೆಯಲು ಆಮ್ಲವೂ ಬೇಡ, ಕ್ಷಾರವೂ ಬೇಡ, ತಾಳ್ಮೆ ಮತ್ತು ಬ್ರಷ್ ಸಾಕು. ಜಿಡ್ಡು ಹೋದ ಮೇಲೆ ಉಳಿಯುವುದಕ್ಕೆ ಮಾತ್ರ ಬೇರೆ ಉಪಾಯಗಳನ್ನು ಹುಡುಕಬೇಕು.

ಪದ್ಮಿನಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳಲು ಕಾರಣವಿದೆ. ಫಿಯೆಟ್ 1100ರ ಪೀಳಿಗೆಗೆ ಸೇರಿದ ಅದರ 1089 ಸಿ.ಸಿ. ಎಂಜಿನ್ನಿನಲ್ಲಿ ಬ್ಲಾಕ್ (ಸಿಲಿಂಡರುಗಳಿರುವ ಮುಖ್ಯ ಮೈ) ಎರಕದ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂನದು. ಅಂಬಾಸಿಡರ್‌ನ ಹಳೆಯ 1489 ಸಿ.ಸಿ. ಎಂಜಿನ್ನಿನಲ್ಲಿ ಬ್ಲಾಕ್ ಮತ್ತು ಹೆಡ್ ಎರಡೂ ಕಬ್ಬಿಣವೇ ಆದ್ದರಿಂದ ಅದರ ಒಡೆಯರಿಗೆ ಈ ಚಿಂತೆ ಕಡಿಮೆ. ಮೈಸೂರಿನಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಬೈಕುಗಳನ್ನು ಇಟ್ಟುಕೊಂಡವರಿಗೂ ಇಲ್ಲಿನ ಬಹುಪಾಲು ಮಾತು ಹಾಗೆಯೇ ಅನ್ವಯಿಸುತ್ತದೆ. ಅವುಗಳ ಎಂಜಿನ್ ಕೇಸು, ಹೊರಮುಚ್ಚಳಗಳು ಅಲ್ಯೂಮಿನಿಯಂ ಎರಕ.

ಮೊದಲು ಲೋಹದ ಸ್ವಭಾವ ತಿಳಿದಿರಲಿ. ಗಾಳಿ ತಗುಲಿದ ಕೂಡಲೇ ಅಲ್ಯೂಮಿನಿಯಂ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಕಟ್ಟುತ್ತದೆ, ಮತ್ತು ಒಳಗಿನ ಲೋಹವನ್ನು ಕಾಯುವುದು ಈ ಪೊರೆಯೇ. ಆಮ್ಲ–ಕ್ಷಾರಗಳ ಪ್ರಮಾಣವನ್ನು ಹೇಳುವ ಪಿಎಚ್ ಅಳತೆ ಸುಮಾರು 4ರಿಂದ 8.5ರ ನಡುವೆ ಇರುವವರೆಗೆ ಪೊರೆ ಗಟ್ಟಿಯಾಗಿರುತ್ತದೆ. ಆ ಮಿತಿಯ ಎರಡೂ ಬದಿಗೆ ಅದು ಕರಗಲು ತೊಡಗುತ್ತದೆ. ಉಪ್ಪಿನ ಅಂಶ ಇದ್ದಲ್ಲಿ ಪೊರೆ ಚುಕ್ಕಿ ಚುಕ್ಕಿಯಾಗಿ ಒಡೆದು ಗುಳಿ ಬೀಳುತ್ತದೆ. ಮಂಗಳೂರು, ಕಾರವಾರದ ಕಡೆ ನಿಂತ ಗಾಡಿಗಳಲ್ಲಿ ಬಿಳಿ ಕಿಲುಬು ಹೆಚ್ಚಾಗಿ ಕಾಣುವುದು ಈ ಕಾರಣಕ್ಕೆ.

ಬೇಕಾಗುವ ಸಾಮಗ್ರಿ

ಡೀಸೆಲ್ ಅಥವಾ ಸೀಮೆಎಣ್ಣೆ, ನೀರಿನಲ್ಲಿ ತೊಳೆದುಹೋಗುವ ಡಿಗ್ರೀಸರ್ (ಜಿಡ್ಡು ಬಿಡಿಸುವ ದ್ರಾವಣ), ಪಾತ್ರೆ ತೊಳೆಯುವ ಮೃದುವಾದ ದ್ರವ ಸಾಬೂನು, ನೈಲಾನ್ ಮತ್ತು ಹಿತ್ತಾಳೆ ತಂತಿಯ ಬ್ರಷ್‌ಗಳು, ಹಳೆಯ ಹಲ್ಲುಜ್ಜುವ ಬ್ರಷ್‌ಗಳು, ಬಾಟಲಿ ತೊಳೆಯುವ ಸಣ್ಣ ಉದ್ದನೆಯ ಬ್ರಷ್, ಮರದ ಅಥವಾ ಪ್ಲಾಸ್ಟಿಕ್ಕಿನ ಕೆರೆಯುವ ಪಟ್ಟಿ, 220ರಿಂದ 1500ರವರೆಗಿನ ವಾಟರ್ ಪೇಪರ್ (ನೀರು ಹಚ್ಚಿ ಉಜ್ಜುವ ಕಾಗದ; ಅಂಕಿ ಏರಿದಷ್ಟೂ ನಯ), ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ), ಅಡಿಗೆ ಸೋಡಾ, ರಬ್ಬರ್ ಬಿರಡೆಗಳು, ಉಕ್ಕಿನ ನೇರಪಟ್ಟಿ, ಫೀಲರ್ ಗೇಜ್ (ತೆಳುವಾದ ಅಳತೆಯ ಎಲೆಗಳ ಕಟ್ಟು). ಕೈಗೆ ನೈಟ್ರೈಲ್ ಗವಸು, ಕಣ್ಣಿಗೆ ಕನ್ನಡಕ, ಉಜ್ಜುವಾಗ ಧೂಳು ತಡೆಯುವ ಮಾಸ್ಕ್ ಕಡ್ಡಾಯ. ಗಾಳಿ ಒತ್ತುವ ಕಂಪ್ರೆಸರ್ ಸಿಕ್ಕಿದರೆ ಕೆಲಸ ಅರ್ಧ ಹಗುರ.

ಪೆಟ್ರೋಲಿನಲ್ಲಿ ಭಾಗಗಳನ್ನು ತೊಳೆಯುವ ಗ್ಯಾರೇಜ್ ಅಭ್ಯಾಸವನ್ನು ಮನೆಗೆ ತರಬೇಡಿ. ಅದರ ಆವಿ ನೆಲದ ಮಟ್ಟದಲ್ಲಿ ಹರಡಿ ದೂರದ ಕಿಡಿಯನ್ನೂ ತಲುಪುತ್ತದೆ.

1. ಲೋಹ ಯಾವುದೆಂದು ಗುರುತಿಸಿ

ಬೆಳ್ಳಿಬಣ್ಣದ ಎರಕವೆಲ್ಲ ಅಲ್ಯೂಮಿನಿಯಂ ಅಲ್ಲ. ಸೋಲೆಕ್ಸ್ ಮಾದರಿಯ ಕಾರ್ಬುರೇಟರ್‌ಗಳ ಮೈ ಸಾಮಾನ್ಯವಾಗಿ ಸತುವಿನ ಮಿಶ್ರಲೋಹ. ಎಸ್‌ಯು ಕಾರ್ಬುರೇಟರ್‌ನದು ಅಲ್ಯೂಮಿನಿಯಂ. ಫೋಕ್ಸ್‌ವ್ಯಾಗನ್ ಬೀಟಲ್‌ನ ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಕೆಳಗಿನ ಹೊರಕವಚ) ಮೆಗ್ನೀಷಿಯಂ ಮಿಶ್ರಲೋಹ. ಈ ಮೂರಕ್ಕೂ ಅಯಸ್ಕಾಂತ ಹಿಡಿಯುವುದಿಲ್ಲವಾದ್ದರಿಂದ ಆ ಪರೀಕ್ಷೆಯಿಂದ ಉಪಯೋಗವಿಲ್ಲ. ತೂಕ ನೋಡಿ: ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂ ಸುಮಾರು 2.7 ಗ್ರಾಂ, ಸತುವಿನ ಮಿಶ್ರಲೋಹ 6.6 ಗ್ರಾಂನಷ್ಟು, ಮೆಗ್ನೀಷಿಯಂ ಮಿಶ್ರಲೋಹ 1.8 ಗ್ರಾಂ. ಕೈಯಲ್ಲಿ ಹಿಡಿದರೇ ಸತು ಗೊತ್ತಾಗುತ್ತದೆ. ಮೆಗ್ನೀಷಿಯಂ ಎಂಬ ಅನುಮಾನವಿದ್ದರೆ ಮರೆಯಾಗಿರುವ ಜಾಗವನ್ನು ಸ್ವಲ್ಪ ಕೆರೆದು ಒಂದು ಹನಿ ವಿನೆಗರ್ ಬಿಡಿ; ಮೆಗ್ನೀಷಿಯಂ ಆದರೆ ಕೂಡಲೇ ಗುಳ್ಳೆ ಏಳುತ್ತದೆ, ಅಲ್ಯೂಮಿನಿಯಂ ಸುಮ್ಮನಿರುತ್ತದೆ. ಮೆಗ್ನೀಷಿಯಂ ಎಂದು ತಿಳಿದರೆ ಆಮ್ಲದ ಗೊಡವೆಗೆ ಹೋಗಬೇಡಿ, ಅದನ್ನು ಉಜ್ಜಿ ಪುಡಿ ಎಬ್ಬಿಸಲೂಬೇಡಿ. ಆ ಪುಡಿಗೆ ಬೆಂಕಿ ತಗುಲಿದರೆ ನೀರು ಹಾಕಿ ಆರಿಸುವಂತಿಲ್ಲ.

2. ಬಿಚ್ಚುವಾಗಲೇ ಹಾಳು ಮಾಡದಿರಿ

ಹೆಡ್ಡಿನ ನಟ್ಟುಗಳನ್ನು ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಸಡಿಲಿಸಬೇಕು. ಹೊರತುದಿಯಿಂದ ಶುರುಮಾಡಿ ನಡುವಿನ ಕಡೆಗೆ, ಪ್ರತಿಯೊಂದನ್ನೂ ಕಾಲು ಸುತ್ತು, ಅರ್ಧ ಸುತ್ತು ಎಂದು ಹಂತಹಂತವಾಗಿ ಬಿಡಿಸಿ. ಬಿಸಿಯಿರುವಾಗ ಅಥವಾ ಒಂದೇ ಬದಿಯಿಂದ ಬಿಚ್ಚಿದರೆ ಹೆಡ್ ಬಾಗುತ್ತದೆ. ಹೆಡ್ ಏಳದಿದ್ದರೆ ಸ್ಕ್ರೂಡ್ರೈವರ್ ತುರುಕಿ ಮೀಟುವುದು ಬೇಡ. ಮರದ ಕೊಡತಿಯಿಂದ ಬದಿಗಳಲ್ಲಿ ಮೆಲ್ಲಗೆ ತಟ್ಟುತ್ತಾ ಬನ್ನಿ. ಮೀಟಿದ ಜಾಗದಲ್ಲಿ ಬಿದ್ದ ಗೀರಿನ ಮೂಲಕವೇ ಮುಂದೆ ನೀರು ಸೋರುತ್ತದೆ.

ಅಲ್ಯೂಮಿನಿಯಂ ಒಳಗೆ ಉಕ್ಕಿನ ಸ್ಟಡ್ (ಎರಡೂ ತುದಿಗೆ ಥ್ರೆಡ್ ಇರುವ ಕಡ್ಡಿ) ಕಚ್ಚಿಕೊಂಡಿರುವುದು ಹಳೆಯ ಗಾಡಿಗಳ ದೊಡ್ಡ ತಲೆನೋವು. ಎರಡು ಬೇರೆ ಲೋಹಗಳ ನಡುವೆ ತೇವ ಸೇರಿದಾಗ ಸಣ್ಣ ವಿದ್ಯುತ್ ಹರಿದು ಅಲ್ಯೂಮಿನಿಯಂ ಸವೆಯುತ್ತದೆ, ಸವೆದ ಪುಡಿ ಉಬ್ಬಿ ಸ್ಟಡ್ಡನ್ನು ಬಿಗಿಹಿಡಿಯುತ್ತದೆ. ಒಳಗೆ ಇಳಿಯುವ ಎಣ್ಣೆ ಬಿಟ್ಟು ರಾತ್ರಿ ಪೂರ್ತಿ ಬಿಡಿ, ಆಮೇಲೆ ಹೀಟ್ ಗನ್ನಿನಿಂದ ಸ್ಟಡ್ಡಿನ ಸುತ್ತಲಿನ ಅಲ್ಯೂಮಿನಿಯಂ ಅನ್ನು 100–120 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ. ಅಲ್ಯೂಮಿನಿಯಂ ಉಕ್ಕಿಗಿಂತ ಹತ್ತಿರಹತ್ತಿರ ಎರಡರಷ್ಟು ಹಿಗ್ಗುವುದರಿಂದ ಹಿಡಿತ ಸಡಿಲವಾಗುತ್ತದೆ. ಗ್ಯಾಸ್ ಟಾರ್ಚ್ ಮಾತ್ರ ಬೇಡ. ಅಲ್ಯೂಮಿನಿಯಂ ಕೆಂಪಗೆ ಕಾಯದೆಯೇ, ಯಾವ ಎಚ್ಚರಿಕೆಯನ್ನೂ ಕೊಡದೆ, 660 ಡಿಗ್ರಿಯ ಆಸುಪಾಸಿನಲ್ಲಿ ಕುಸಿದುಬಿಡುತ್ತದೆ. ಎರಕದ ಮಿಶ್ರಲೋಹಗಳಂತೂ ಅದಕ್ಕಿಂತ ಕೆಳಗೇ ಕರಗತೊಡಗುತ್ತವೆ.

ಬಿಚ್ಚಿದ ಪ್ರತಿ ಹಂತದ ಚಿತ್ರ ತೆಗೆದಿಟ್ಟುಕೊಳ್ಳಿ. ವಾಲ್ವ್ (ಸಿಲಿಂಡರಿನ ದಾರಿ ತೆರೆದು ಮುಚ್ಚುವ ಕವಾಟ), ಅದನ್ನು ಒತ್ತುವ ರಾಕರ್, ಪುಶ್‌ರಾಡ್‌ಗಳು ಇದ್ದ ಕ್ರಮದಲ್ಲಿಯೇ ಮರಳಬೇಕು.

3. ಜಿಡ್ಡು ತೆಗೆಯುವುದು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಬೇಡುವುದು ಈ ಹಂತ, ಮತ್ತು ಎಲ್ಲರೂ ಅವಸರ ಮಾಡುವುದೂ ಇಲ್ಲಿಯೇ. ಮೊದಲು ಒಣಗಿದ ಮಡ್ಡಿಯನ್ನು ಮರದ ಪಟ್ಟಿಯಿಂದ ಕೆರೆದು ಬೀಳಿಸಿ. ಒದ್ದೆ ಮಾಡಿದರೆ ಅದು ಕೆಸರಾಗಿ ಎಲ್ಲ ರಂಧ್ರಗಳಿಗೂ ಇಳಿಯುತ್ತದೆ. ಬಳಿಕ ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ಕೆಲವು ಗಂಟೆ ನೆನೆಸಿ, ನೈಲಾನ್ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಒರಸಿ. ಎರಡನೆಯ ಸುತ್ತಿನಲ್ಲಿ ಡಿಗ್ರೀಸರ್ ಹಚ್ಚಿ, ಅದು ಒಣಗುವ ಮೊದಲೇ ಬಿಸಿನೀರು ಮತ್ತು ಸಾಬೂನಿನಿಂದ ತೊಳೆಯಿರಿ. ಮೇಲೆ ನೀರು ಹನಿಹನಿಯಾಗಿ ಒಡೆಯದೆ ಒಂದೇ ಪದರವಾಗಿ ಹರಿದರೆ ಜಿಡ್ಡು ಹೋಯಿತೆಂದು ತಿಳಿಯಬಹುದು; ಹನಿ ನಿಂತ ಕಡೆ ಮತ್ತೊಮ್ಮೆ ಉಜ್ಜಬೇಕು.

ಡಿಗ್ರೀಸರ್ ಕೊಳ್ಳುವಾಗ ‘ಅಲ್ಯೂಮಿನಿಯಂಗೆ ಸುರಕ್ಷಿತ’ ಎಂದು ಬರೆದಿದೆಯೇ ನೋಡಿ. ಹಲವು ಅಗ್ಗದ ಡಿಗ್ರೀಸರ್‌ಗಳು ತೀಕ್ಷ್ಣ ಕ್ಷಾರದವು. ಇಲ್ಲಿ ಮೂರು ಸೋಡಾಗಳನ್ನು ಬೇರೆ ಬೇರೆಯಾಗಿ ನೆನಪಿಡಬೇಕು. ಅಡಿಗೆ ಸೋಡಾದ ನೀರು ಪಿಎಚ್ 8.3ರ ಸುಮಾರಿಗೆ ಇರುವುದರಿಂದ ಅಪಾಯವಿಲ್ಲ. ಬಟ್ಟೆ ಒಗೆಯುವ ವಾಷಿಂಗ್ ಸೋಡಾ 11ರ ಆಸುಪಾಸು, ಲೋಹವನ್ನು ಕಪ್ಪಾಗಿಸುತ್ತದೆ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನೇ ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ. ಆ ಅನಿಲ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಕಬ್ಬಿಣದ ಬ್ಲಾಕುಗಳನ್ನು ಕುದಿಯುವ ಕಾಸ್ಟಿಕ್ ತೊಟ್ಟಿಯಲ್ಲಿ ಅದ್ದುವ ಪದ್ಧತಿ ಹಳೆಯ ಎಂಜಿನ್ ವರ್ಕ್‌ಶಾಪ್‌ಗಳಲ್ಲಿ ಇದೆ. ನಿಮ್ಮ ಬ್ಲಾಕ್ ಮತ್ತು ಹೆಡ್ ಒಟ್ಟಿಗೆ ಅಲ್ಲಿಗೆ ಹೋದರೆ ಹೆಡ್ ಅಲ್ಯೂಮಿನಿಯಂನದೆಂದು ಬಾಯಲ್ಲಿ ಹೇಳಿ ಬರುವುದು ಸಾಲದು, ಅದರ ಮೇಲೆಯೇ ಚೀಟಿ ಅಂಟಿಸಿ.

ಕಬ್ಬಿಣದ ತಂತಿಯ ಬ್ರಷ್, ಪಾತ್ರೆ ತಿಕ್ಕುವ ಉಕ್ಕಿನ ಉಣ್ಣೆ ಎರಡನ್ನೂ ದೂರವಿಡಿ. ಅವುಗಳ ಸಣ್ಣ ಚೂರುಗಳು ಮೃದು ಲೋಹದೊಳಗೆ ನಾಟಿಕೊಂಡು ಕೆಲವೇ ವಾರಗಳಲ್ಲಿ ತುಕ್ಕಿನ ಚುಕ್ಕಿಗಳಾಗುತ್ತವೆ.

4. ಕಲೆ ಮತ್ತು ಬಿಳಿ ಕಿಲುಬು

ಜಿಡ್ಡು ಹೋದ ಮೇಲೂ ಬೂದು ಅಥವಾ ಕಪ್ಪು ಛಾಯೆ ಉಳಿದಿದ್ದರೆ ಗಾಬರಿ ಬೇಡ. ಮನೆಯ ಅಲ್ಯೂಮಿನಿಯಂ ಇಡ್ಲಿ ಪಾತ್ರೆಯ ಒಳಗೆ ನೀರು ಕುದಿದು ಕುದಿದು ಕಪ್ಪಾಗುವಂಥದ್ದೇ ಇದು. ಪಾತ್ರೆಯ ನೀರಿಗೆ ಹುಣಸೆಹಣ್ಣಿನ ಚೂರು ಹಾಕಿದರೆ ಕಪ್ಪು ಬಿಡುವ ಹಾಗೆ ಎಂಜಿನ್ ಭಾಗದ ಕಲೆಗೂ ಸೌಮ್ಯ ಆಮ್ಲ ಸಾಕು. ಒಂದು ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ ನಿಂಬೆ ಉಪ್ಪು ಕರಗಿಸಿ ಬ್ರಷ್ಷಿನಿಂದ ಹಚ್ಚಿ, ಐದರಿಂದ ಹತ್ತು ನಿಮಿಷ ಬಿಟ್ಟು ತೊಳೆಯಿರಿ, ಕೊನೆಗೆ ಅಡಿಗೆ ಸೋಡಾ ಬೆರೆಸಿದ ನೀರಿನಿಂದ ಒಮ್ಮೆ, ಬರಿಯ ನೀರಿನಿಂದ ಇನ್ನೊಮ್ಮೆ. ಹಿತ್ತಾಳೆಗೆ ಮಾಡುವಂತೆ ಹುಣಸೆಗೆ ಉಪ್ಪು ಬೆರೆಸಿ ತಿಕ್ಕುವುದು ಮಾತ್ರ ಇಲ್ಲಿ ಸಲ್ಲದು. ಮೊಂಡು ಕಿಲುಬಿಗೆ ಫಾಸ್ಫಾರಿಕ್ ಆಮ್ಲ ಆಧಾರಿತ ಕ್ಲೀನರ್‌ಗಳಿವೆ. ತಯಾರಕರು ಹೇಳಿದಷ್ಟೇ ನೀರು, ಹೇಳಿದಷ್ಟೇ ಹೊತ್ತು. ಆಮ್ಲವನ್ನು ನೀರಿಗೆ ಬೆರೆಸಬೇಕೇ ಹೊರತು ನೀರನ್ನು ಆಮ್ಲಕ್ಕೆ ಸುರಿಯಬಾರದು.

ಟಾಯ್ಲೆಟ್ ತೊಳೆಯುವ ದ್ರವಗಳಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಅವು ಕಿಲುಬಿನೊಂದಿಗೆ ಲೋಹವನ್ನೂ ತಿಂದು, ತೊಳೆದ ಮೇಲೂ ಸಣ್ಣ ರಂಧ್ರಗಳಲ್ಲಿ ಕ್ಲೋರೈಡ್ ಉಳಿಸಿಹೋಗುತ್ತವೆ. ಅದಕ್ಕಿಂತ ಭಯಂಕರವಾದದ್ದು ಹೈಡ್ರೋಫ್ಲೋರಿಕ್ ಆಮ್ಲ. ಕೆಲವು ‘ಅಲ್ಯೂಮಿನಿಯಂ ಬ್ರೈಟ್ನರ್’ ಮತ್ತು ಚಕ್ರ ತೊಳೆಯುವ ದ್ರಾವಣಗಳಲ್ಲಿ ಅದು ಅಥವಾ ಅದರ ಲವಣ ಇರುತ್ತದೆ. ಅದು ಕ್ಷಣದಲ್ಲಿ ಮಿನುಗುವಂತೆ ಮಾಡುವುದು ನಿಜ. ಆದರೆ ಚರ್ಮಕ್ಕೆ ಬಿದ್ದರೆ ಮೊದಲಿಗೆ ನೋವೇ ಇಲ್ಲದೆ ಒಳಗಿಳಿದು, ದೇಹದ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ಜೀವಕ್ಕೇ ಕುತ್ತು ತರಬಲ್ಲದು. ಮನೆಯಲ್ಲಿ ಅದನ್ನು ಬಳಸುವ ಅಗತ್ಯ ಯಾವ ಕಾರಿಗೂ ಇಲ್ಲ.

5. ಮಸಿ ಮತ್ತು ಗ್ಯಾಸ್ಕೆಟ್ ಅಂಟು

ದಹನಕೋಣೆ ಎಂದರೆ ಇಂಧನ ಉರಿಯುವ ಗುಳಿ. ಅಲ್ಲಿ ಕಟ್ಟಿದ ಮಸಿಯನ್ನು ತೆಗೆಯುವಾಗ ವಾಲ್ವುಗಳನ್ನು ಬಿಚ್ಚದೆ ಹಾಗೆಯೇ ಬಿಡಿ. ಆಗ ವಾಲ್ವ್ ಸೀಟಿಗೆ (ವಾಲ್ವ್ ಕೂರುವ ಅಂಚಿಗೆ) ಗೀರು ಬೀಳುವುದಿಲ್ಲ. ಮಸಿ ಮೆದುವಾಗಿಸುವ ದ್ರಾವಣ ಹಚ್ಚಿ ನೆನೆಸಿ, ಮರದ ಕಡ್ಡಿ ಅಥವಾ ಹಿತ್ತಾಳೆ ಬ್ರಷ್ಷಿನಿಂದ ಬಿಡಿಸಿ. ಕೋಣೆಯ ಗೋಡೆ ಕನ್ನಡಿಯಂತೆ ಹೊಳೆಯಬೇಕಾಗಿಲ್ಲ.

ಗ್ಯಾಸ್ಕೆಟ್ (ಎರಡು ಭಾಗಗಳ ನಡುವೆ ಸೋರದಂತೆ ಇಡುವ ತೆಳು ಹಾಳೆ) ಕೂರುವ ಮೈಯ ವಿಚಾರದಲ್ಲಿ ಹೆಚ್ಚು ಜಾಗ್ರತೆ ಬೇಕು. ಏರ್ ಗ್ರೈಂಡರಿಗೆ ಸಿಕ್ಕಿಸುವ ಒರಟು ನಾರಿನ ಡಿಸ್ಕುಗಳಿಂದ ಉಜ್ಜಿದರೆ ಎರಡು ನಿಮಿಷದಲ್ಲಿ ಹೊಳಪು ಬರುತ್ತದೆ; ಜೊತೆಗೆ, ಕಣ್ಣಿಗೆ ಕಾಣದ ತಗ್ಗೂ ಬೀಳುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಆ ಡಿಸ್ಕಿನಿಂದ ಉದುರುವ ಗಡಸು ಅಲ್ಯೂಮಿನಿಯಂ ಆಕ್ಸೈಡ್ ಪುಡಿ ಎಣ್ಣೆಯೊಂದಿಗೆ ಬೇರಿಂಗುಗಳಿಗೆ ಹೋಗಿ, ಹೊಸದಾಗಿ ಕಟ್ಟಿದ ಎಂಜಿನ್ನನ್ನೇ ಮುಗಿಸಬಲ್ಲದು. ಗ್ಯಾಸ್ಕೆಟ್ ಕರಗಿಸುವ ಸ್ಪ್ರೇ ಹೊಡೆದು ಕಾದು, ಪ್ಲಾಸ್ಟಿಕ್ ಪಟ್ಟಿಯಿಂದ, ತೀರಾ ಬೇಕಾದರೆ ಮೈಗೆ ಸಮನಾಗಿ ಮಲಗಿಸಿ ಹಿಡಿದ ಬ್ಲೇಡಿನಿಂದ ಕೆರೆಯಿರಿ.

6. ಬ್ಲಾಸ್ಟಿಂಗ್ ಮಾಡಿಸಬೇಕೇ?

ಬ್ಲಾಸ್ಟಿಂಗ್ ಎಂದರೆ ಗಾಳಿಯ ಒತ್ತಡದಿಂದ ಕಣಗಳನ್ನು ಎರಚಿ ಮೈ ಶುಚಿಗೊಳಿಸುವುದು. ಮರಳಿನ ಬ್ಲಾಸ್ಟಿಂಗ್ ಮೃದು ಎರಕವನ್ನು ಕೊರೆದುಹಾಕುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಸಿಲಿಕೋಸಿಸ್ ತರುತ್ತದೆ. ನೀರು ಮತ್ತು ಗಾಜಿನ ಸಣ್ಣ ಗುಂಡುಗಳನ್ನು ಬೆರೆಸಿ ಎರಚುವ ವೇಪರ್ ಬ್ಲಾಸ್ಟಿಂಗ್ ಎರಕದ ಮೂಲ ಮೈಗೆ ಹತ್ತಿರದ, ರೇಷ್ಮೆಯಂಥ ಮಂದ ಹೊಳಪು ಕೊಡುತ್ತದೆ. ಹೊರಮೈಗೆ ಮಾಡಿಸುವುದಾದರೆ ನನ್ನ ಆಯ್ಕೆ ಇದೇ. ಆದರೆ ಕೊಡುವ ಮೊದಲು ಜಿಡ್ಡು ಪೂರ್ತಿ ಹೋಗಿರಬೇಕು, ಎಣ್ಣೆಯ ದಾರಿಗಳು, ಥ್ರೆಡ್ಡುಗಳು, ವಾಲ್ವ್ ಗೈಡುಗಳಿಗೆಲ್ಲ ರಬ್ಬರ್ ಬಿರಡೆ ಹಾಕಿರಬೇಕು, ಯಂತ್ರದಲ್ಲಿ ಸಮಗೊಳಿಸಿದ ಮೈಗಳನ್ನು ಮುಚ್ಚಿರಬೇಕು. ಎಣ್ಣೆಯ ದಾರಿಯಲ್ಲಿ ಉಳಿದ ಗಾಜಿನ ಒಂದು ಚಿಟಿಕೆ ಸಾಕು ಬೇರಿಂಗ್ ಹಾಳಾಗಲು. ಸೋಡಾ ಬ್ಲಾಸ್ಟಿಂಗ್ ಸಿಗುವ ಊರಿನಲ್ಲಿದ್ದರೆ ಒಳಭಾಗಕ್ಕೆ ಅದು ಹೆಚ್ಚು ನಂಬಿಕೆಯದು, ಏಕೆಂದರೆ ಉಳಿದ ಕಣಗಳು ಬಿಸಿನೀರಿನಲ್ಲಿ ಕರಗಿಹೋಗುತ್ತವೆ.

7. ಶುಚಿಯಾದ ಮೇಲೆ ಪರೀಕ್ಷೆ

ಈಗ ಲೋಹ ಕಾಣುತ್ತಿದೆ, ನೋಡಬೇಕಾದದ್ದು ಮೂರು.

ಬಿರುಕು: ಬಣ್ಣದ ದ್ರವ ಹಚ್ಚಿ, ಒರಸಿ, ಬಿಳಿ ಪುಡಿ ಸಿಂಪಡಿಸುವ ಡೈ ಪೆನಿಟ್ರಂಟ್ ಕಿಟ್ ಬಳಸಿ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ವಾಲ್ವ್ ಸೀಟುಗಳ ನಡುವಿನ ಕಿರಿದಾದ ಜಾಗ ಮತ್ತು ಪ್ಲಗ್ ರಂಧ್ರದ ಸುತ್ತ ವಿಶೇಷವಾಗಿ ನೋಡಿ.

ಸಮತೆ: ನೇರಪಟ್ಟಿಯನ್ನು ಹೆಡ್ಡಿನ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ ಫೀಲರ್ ಗೇಜ್ ತೂರಿಸಿ. ಮಿತಿ ನಿಮ್ಮ ಎಂಜಿನ್ನಿನ ಕೈಪಿಡಿಯಲ್ಲಿರುತ್ತದೆ, 0.05 ಮಿ.ಮೀ. ಎಲೆ ಸಲೀಸಾಗಿ ಹೋದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಮಗೊಳಿಸಲು ಕೊಡುವಾಗ ‘ಎಷ್ಟು ಕಡಿಮೆ ಸಾಧ್ಯವೋ ಅಷ್ಟು’ ಎಂದು ಹೇಳಿ. ಪ್ರತಿ ಸಲ ಲೋಹ ತೆಗೆದಷ್ಟೂ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಏರುತ್ತದೆ, ಕೊನೆಗೊಮ್ಮೆ ತೆಗೆಯಲು ಲೋಹವೇ ಉಳಿಯುವುದಿಲ್ಲ. ಐವತ್ತು ವರ್ಷದ ಹೆಡ್ಡನ್ನು ಹಿಂದೆ ಯಾರು ಎಷ್ಟು ಸಲ ಸಮಗೊಳಿಸಿದ್ದಾರೋ, ಅದರ ದಪ್ಪ ಅಳೆಯದೆ ತಿಳಿಯದು.

ನೀರಿನ ದಾರಿಗಳ ಸವೆತ: ಕೂಲಂಟ್ ಬದಲು ಬೋರ್‌ವೆಲ್ ನೀರು ತುಂಬಿಸುತ್ತ ಬಂದ ಗಾಡಿಗಳಲ್ಲಿ ನೀರಿನ ರಂಧ್ರಗಳ ಅಂಚು ಕರಗಿ ಗ್ಯಾಸ್ಕೆಟ್ಟಿನ ಹಿಡಿತಕ್ಕೆ ಜಾಗವೇ ಇಲ್ಲದಂತಾಗಿರುತ್ತದೆ. ಎಪಾಕ್ಸಿ ಅಂಟು ತುಂಬಿಸಿ ಕೊಡುವವರಿದ್ದಾರೆ. ದಹನಕೋಣೆಯ ಪಕ್ಕದ ಬಿಸಿಗೆ ಅದು ಬಾಳುವುದಿಲ್ಲ. ಸರಿಯಾದ ದಾರಿಯೆಂದರೆ ಸಿಲಿಕಾನ್ ಬೆರೆತ 4043ರಂಥ ಕಡ್ಡಿಯಿಂದ ಟಿಗ್ ವೆಲ್ಡ್ (ಟಂಗ್‌ಸ್ಟನ್ ಕಡ್ಡಿಯ ವಿದ್ಯುತ್ ಕಿಡಿಯಿಂದ ಬೆಸೆಯುವ ವಿಧಾನ) ಮಾಡಿಸಿ, ಆಮೇಲೆ ಮೈ ಸಮಗೊಳಿಸುವುದು. ಹಳೆಯ ಎರಕ ಎಣ್ಣೆ ಹೀರಿಕೊಂಡಿರುವುದರಿಂದ ವೆಲ್ಡಿನಲ್ಲಿ ಗುಳ್ಳೆ ಬರುವುದು ಸಾಮಾನ್ಯ. ಮೊದಲೇ ಕಾಯಿಸಿ ಎಣ್ಣೆ ಬಿಡಿಸುವ ಅನುಭವಸ್ಥರನ್ನೇ ಹುಡುಕಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರಸಿದ ಭಾಗವನ್ನು ಎಂದೂ ವೆಲ್ಡಿಗೆ ಕೊಡಬೇಡಿ. ಆ ಶಾಖದಲ್ಲಿ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ಕಿತ್ತುಹೋದ ಥ್ರೆಡ್ಡುಗಳಿಗೆ ಹೆಲಿಕಾಯಿಲ್ (ತಂತಿಯ ಸುರುಳಿ ಕೂರಿಸಿ ಹೊಸ ಥ್ರೆಡ್ ಮಾಡುವ ವಿಧಾನ) ಇದೆ, ಮೂಲ ಥ್ರೆಡ್ಡಿಗಿಂತಲೂ ಗಟ್ಟಿ.

8. ಹೊಳಪು ಎಲ್ಲಿ, ಎಷ್ಟು

ಈ ಹಂತದಲ್ಲಿ ನನ್ನ ಅಭಿಪ್ರಾಯ ಹಲವರಿಗೆ ರುಚಿಸದಿರಬಹುದು. ಕಾರ್ಖಾನೆಯಿಂದ ಎರಕದ ಒರಟು ಮೈಯೊಡನೆ ಹೊರಬಂದ ಭಾಗಕ್ಕೆ ಕನ್ನಡಿ ಹೊಳಪು ಕೊಡುವುದು ಅಲಂಕಾರವೇ ಹೊರತು ಪುನರುಜ್ಜೀವನವಲ್ಲ. ಒಮ್ಮೆ ಉಜ್ಜಿಹೋದ ಎರಕದ ಮೈ, ಅಚ್ಚಿನ ಅಂಕಿಗಳು ಮರಳಿ ಬರುವುದಿಲ್ಲ. ಜಿಡ್ಡಿನ ಮೇಲೆಯೇ ಬೆಳ್ಳಿ ಪೇಂಟ್ ಹೊಡೆಯುವುದು ಇನ್ನೂ ಕೆಟ್ಟದ್ದು. ಮೂಲದಲ್ಲಿಯೇ ಹೊಳಪಿದ್ದ ಜಾವಾದ ಹೊರಮುಚ್ಚಳಗಳಂಥ ಭಾಗಗಳಿಗೆ ಮಾತ್ರ ಮುಂದಿನ ಕ್ರಮ.

ಗೀರಿನ ಆಳ ನೋಡಿ 220 ಅಥವಾ 320ರ ವಾಟರ್ ಪೇಪರ್‌ನಿಂದ ಶುರುಮಾಡಿ 400, 600, 800, 1000, 1500 ಎಂದು ಏರಿರಿ. ಪ್ರತಿ ಸಲ ಹಿಂದಿನ ಗೀರುಗಳಿಗೆ ಅಡ್ಡಲಾಗಿ ಉಜ್ಜಿ, ಅವು ಪೂರ್ತಿ ಮರೆಯಾಗುವವರೆಗೆ ಮುಂದಿನ ಕಾಗದ ಮುಟ್ಟಬೇಡಿ. ಸಾಬೂನು ನೀರು ಬಳಸಿದರೆ ಧೂಳೂ ಏಳುವುದಿಲ್ಲ. ಬಳಿಕ ಬಫಿಂಗ್ ಚಕ್ರದಲ್ಲಿ ಮೊದಲು ಕಂದು ಕಾಂಪೌಂಡ್, ಆಮೇಲೆ ಬೇರೆ ಬಟ್ಟೆಯ ಚಕ್ರದಲ್ಲಿ ಬಿಳಿ ಕಾಂಪೌಂಡ್. ಭಾಗವನ್ನು ಚಕ್ರದ ನಡುಮಟ್ಟಕ್ಕಿಂತ ಕೆಳಗೆ ಹಿಡಿಯಬೇಕು. ಮೇಲಂಚು ಚಕ್ರಕ್ಕೆ ಸಿಕ್ಕಿದರೆ ಕಸಿದು ಎಸೆಯುತ್ತದೆ. ಸಡಿಲ ತೋಳು, ಇಳಿಬಿದ್ದ ಬಟ್ಟೆ ಬೇಡ. ಕಬ್ಬಿಣ ಉಜ್ಜಿದ ಗ್ರೈಂಡರಿನಲ್ಲೇ ಅಲ್ಯೂಮಿನಿಯಂ ಉಜ್ಜಬೇಡಿ: ತುಕ್ಕಿನ ಪುಡಿಯೂ ಅಲ್ಯೂಮಿನಿಯಂ ಪುಡಿಯೂ ಸೇರಿದರೆ ರೈಲುಹಳಿ ಬೆಸೆಯಲು ಬಳಸುವ ಥರ್ಮೈಟ್ ಮಿಶ್ರಣವೇ ಆಗುತ್ತದೆ, ಅದಕ್ಕೆ ಕಿಡಿ ಬೀಳುವುದು ಬೇಡ.

ಹೊಳಪು ಬಂದ ಮೇಲೆ ಕ್ಲಿಯರ್ ಲ್ಯಾಕರ್ ಹೊಡೆಸಬೇಕೇ ಎಂದು ಕೇಳುವವರಿಗೆ: ಬಿಸಿಯಾಗುವ ಭಾಗಕ್ಕೆ ಬೇಡ. ಅದು ಹಳದಿಯಾಗುತ್ತದೆ, ಎಲ್ಲಿಯೋ ಒಂದು ಕಡೆ ಸೀಳಿದರೆ ಒಳಗೆ ತೇವ ಸೇರಿ ಬಾಗುಬಾಗಿನ ಬಿಳಿ ಗೆರೆಗಳು ಹರಡುತ್ತವೆ. ಆನೊಡೈಸಿಂಗ್ (ವಿದ್ಯುತ್ತಿನಿಂದ ಆಕ್ಸೈಡ್ ಪೊರೆಯನ್ನು ದಪ್ಪಗಾಗಿಸುವುದು) ಕೂಡ ಸಿಲಿಕಾನ್ ಹೆಚ್ಚಿರುವ ಎರಕಗಳ ಮೇಲೆ ಮಂಕು ಬೂದುಬಣ್ಣ ಕೊಡುತ್ತದೆ. ಮೇಣದ ಪಾಲಿಶ್ ಹಚ್ಚಿ ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಒರಸಿಕೊಂಡರೆ ಸಾಕು.

9. ಕೊನೆಯ ತೊಳೆತ ಮತ್ತು ಜೋಡಣೆ

ಬಿರಡೆಗಳನ್ನೆಲ್ಲ ತೆಗೆದು, ಪ್ರತಿ ಎಣ್ಣೆದಾರಿಗೂ ಉದ್ದ ಬ್ರಷ್ ತೂರಿಸಿ ಬಿಸಿ ಸಾಬೂನು ನೀರಿನಲ್ಲಿ ತೊಳೆದು, ಗಾಳಿ ಊದಿ ಒಣಗಿಸಿ. ಒಂದು ತುದಿಯಿಂದ ಊದಿದ ಗಾಳಿ ಇನ್ನೊಂದು ತುದಿಯಲ್ಲಿ ಬರುತ್ತಿದೆಯೇ ಎಂದು ಬೆರಳಿಟ್ಟು ನೋಡಿ. ಬಿಳಿ ಬಟ್ಟೆ ಒರಸಿದರೆ ಬಿಳಿಯಾಗಿಯೇ ಉಳಿಯಬೇಕು. ಇಲ್ಲವಾದರೆ ಮತ್ತೆ ತೊಳೆಯಿರಿ. ಬಫಿಂಗ್ ಮಾಡಿದ ಭಾಗಗಳ ಮೂಲೆಗಳಲ್ಲಿ ಕಾಂಪೌಂಡಿನ ಮೇಣ ಕೂತಿರುತ್ತದೆ, ಅದೂ ಹೋಗಬೇಕು.

ಸ್ಟಡ್ಡು ಮತ್ತು ಸ್ಪಾರ್ಕ್ ಪ್ಲಗ್ ಥ್ರೆಡ್ಡುಗಳಿಗೆ ಕಚ್ಚದಂತೆ ತಡೆಯುವ ಆ್ಯಂಟಿಸೀಜ್ ಪೇಸ್ಟನ್ನು ತೆಳ್ಳಗೆ ಹಚ್ಚಿ. ಪೇಸ್ಟ್ ಹಚ್ಚಿದ ಥ್ರೆಡ್ ಸುಲಭವಾಗಿ ಜಾರುವುದರಿಂದ ಪ್ಲಗ್ಗನ್ನು ಎಂದಿನಷ್ಟು ಬಿಗಿ ಮಾಡಬಾರದು. ಹೆಡ್ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಂತಹಂತವಾಗಿ, ಕೈಪಿಡಿ ಹೇಳಿದ ಕ್ರಮ ಮತ್ತು ಅಳತೆಗೆ ಟಾರ್ಕ್ ರೆಂಚಿನಿಂದಲೇ (ಬಿಗಿಯನ್ನು ಅಳೆದು ತೋರಿಸುವ ಪಾನದಿಂದಲೇ) ಬಿಗಿ ಮಾಡಿ.

ರೇಡಿಯೇಟರಿಗೆ ಅಲ್ಯೂಮಿನಿಯಂಗೆ ಹೊಂದುವ, ಸವೆತ ತಡೆಯುವ ಅಂಶವಿರುವ ಕೂಲಂಟನ್ನು ಡಿಸ್ಟಿಲ್ಡ್ ನೀರಿನೊಂದಿಗೆ ಸಮಪಾಲು ಬೆರೆಸಿ ಹಾಕಿ, ತಯಾರಕರು ಹೇಳಿದ ಅವಧಿಗೆ ಬದಲಿಸಿ. ಬಸಿದ ಹಳೆಯ ಕೂಲಂಟನ್ನು ಅಂಗಳದಲ್ಲಿ ತೆರೆದಿಡಬೇಡಿ: ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿಗಳು ನೆಕ್ಕುತ್ತವೆ, ಅದು ಅವಕ್ಕೆ ವಿಷ.